ಸಾಕು ಎಂಬ ಮಾತು

ಕನ್ನಡದಲ್ಲಿ ಎರಡೇ ಅಕ್ಷರದ ಒಂದು ಮಾತಿದೆ: ಸಾಕು. ಮಾತು ಚಿಕ್ಕದು, ಆದರೆ ಅದನ್ನು ಹೇಳುವುದೂ ಕಷ್ಟ, ಹೇಳಿದರೆ ನಂಬಿಸುವುದು ಇನ್ನೂ ಕಷ್ಟ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತವರು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುತ್ತಿರುತ್ತಾರೆ. ಬಡಿಸುವವನು ಆ ಕೈಗಳ ಸಂದಿನಲ್ಲೇ ಇನ್ನೆರಡು ಹೋಳಿಗೆ ಜಾರಿಸಿ ಮುಂದಕ್ಕೆ ಹೋಗುತ್ತಾನೆ. ಕುಳಿತವರಿಗೆ ಸಿಟ್ಟೇನೂ ಬರುವುದಿಲ್ಲ. ಬಡಿಸುವವನು ತಮ್ಮ ಮಾತನ್ನು ನಂಬಿಬಿಟ್ಟಿದ್ದರೆ ಬಹುಶಃ ಬರುತ್ತಿತ್ತು!

ಊಟದ ವಿಷಯದಲ್ಲಿ ಈ ಆಟ ನಿರಪಾಯವಾದದ್ದು. ಎಷ್ಟೇ ಬಡಿಸಿದರೂ ಕೊನೆಗೆ ಹೊಟ್ಟೆಯೇ ಸಾಕೆನ್ನುತ್ತದೆ. ನಿದ್ದೆಗೂ ಹಾಗೆಯೇ, ದೇಹವೇ ಕೊಟ್ಟ ಒಂದು ಮೇರೆಯಿದೆ. ಆದರೆ ಹಣಕ್ಕೆ, ನೆಲಕ್ಕೆ, ಅಧಿಕಾರಕ್ಕೆ ಹೊಟ್ಟೆಯೆಂಬುದು ಇಲ್ಲ. ಅಲ್ಲಿ ‘ಸಾಕು’ ಎಂಬುದು ತಾನಾಗಿ ಹುಟ್ಟುವ ಮಾತಲ್ಲ. ಅದನ್ನು ಯಾರಾದರೂ ಹೇಳಬೇಕು. ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬುದೇ ಪ್ರಶ್ನೆ.

ನಮ್ಮ ಹಿರಿಯರು ಮನುಷ್ಯನ ಒಳಗಿನ ಶತ್ರುಗಳನ್ನು ಆರೆಂದು ಎಣಿಸಿ, ಲೋಭವನ್ನು ಮೂರನೆಯ ಸ್ಥಾನದಲ್ಲಿ ಕೂಡಿಸಿದರು. ನನಗೆ ಅದು ಇನ್ನೂ ಮುಂದೆ ಕೂಡಬೇಕಾದ ಮಹಾಶಯ ಎಂದು ತೋರುತ್ತದೆ. ಕ್ರೋಧ ಒಂದು ಗಳಿಗೆಯಲ್ಲಿ ದಣಿಯುತ್ತದೆ. ಕಾಮಕ್ಕೆ ವಯಸ್ಸಿನ ಕಡಿವಾಣವುಂಟು. ಲೋಭ ಮಾತ್ರ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಸಿಟ್ಟಿಗೆದ್ದವನಿಗೆ ತಾನು ಸಿಟ್ಟಿಗೆದ್ದಿದ್ದೇನೆಂಬುದು ಗೊತ್ತಿರುತ್ತದೆ. ಲೋಭಿಗೆ ತಾನು ಲೋಭಿಯೆಂದು ಗೊತ್ತಿರುವುದು ಅಪೂರ್ವ. ಅವನು ತನ್ನ ಗುಣವನ್ನು ಮುಂದಾಲೋಚನೆ ಎಂದು ಕರೆದುಕೊಂಡಿರುತ್ತಾನೆ, ಮಕ್ಕಳ ಭವಿಷ್ಯ ಎಂದು ಕರೆದುಕೊಂಡಿರುತ್ತಾನೆ. ಈಚೆಗೆ ಅಭಿವೃದ್ಧಿ ಎಂಬ ಇನ್ನೊಂದು ಹೆಸರೂ ಅದಕ್ಕೆ ಸಿಕ್ಕಿದೆ.

ಲೋಭಿಯೆಂದರೆ ಹಿಂದೆ ಜಿಪುಣ ಎಂಬ ಅರ್ಥವೇ ಮುಂದಾಗಿತ್ತು. ಹರಕು ಧೋತರ ಉಟ್ಟು, ಗಡಿಗೆಯಲ್ಲಿ ನಾಣ್ಯ ತುಂಬಿ, ರಾತ್ರಿ ಬಾಗಿಲು ಹಾಕಿಕೊಂಡು ಎಣಿಸುವ ಮನುಷ್ಯ ಅವನು. ಊರು ಅವನನ್ನು ನೋಡಿ ನಗುತ್ತಿತ್ತು, ಅವನೂ ಊರಿಗೆ ಹೆದರಿ ತನ್ನ ಹಣವನ್ನು ಬಚ್ಚಿಡುತ್ತಿದ್ದ. ಹೆದರುತ್ತಿದ್ದನೆಂದರೆ ಊರಿಗೊಂದು ಅಳತೆಯಿದೆಯೆಂದು ಒಪ್ಪಿದ್ದನೆಂದೇ ಅರ್ಥ. ಇಂದಿನ ಲೋಭ ಬಚ್ಚಿಡುವುದಿಲ್ಲ. ಅದು ಮೆರವಣಿಗೆ ಹೊರಡುತ್ತದೆ, ಹೂಮಾಲೆ ಹಾಕಿಸಿಕೊಳ್ಳುತ್ತದೆ. ಊರೇ ಅದರ ಹಿಂದೆ ನಡೆಯುತ್ತದೆ. ನಗುತ್ತಿದ್ದ ಊರು ಹಿಂದೆ ನಡೆಯುವ ಊರಾದದ್ದು ಹೇಗೆಂಬುದನ್ನು ತಿಳಿಯಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ನಮ್ಮ ಬಳ್ಳಾರಿಯನ್ನು ನೋಡಿದರೆ ಆಯಿತು.

ನಾನಿರುವುದು ಬ್ರೂಸ್‌ಪೇಟೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶನಾಗಿದ್ದ ಪೀಟರ್ ಬ್ರೂಸ್ ಎಂಬಾತನ ಹೆಸರು ಹೊತ್ತ ಪೇಟೆಯಿದು. ನ್ಯಾಯಾಧೀಶನ ಹೆಸರಿನ ಪೇಟೆಯಲ್ಲಿ ಕುಳಿತು ನ್ಯಾಯಾನ್ಯಾಯಗಳ ಮಾತಾಡುವುದು ಉದ್ಧಟತನವಾಗಲಾರದೆಂದು ನಂಬಿದ್ದೇನೆ. ಈ ಸೀಮೆ ಹಸಿವನ್ನು ಕಂಡದ್ದು. 1876–78ರ ಧಾತು ಈಶ್ವರ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ತುಂಗಭದ್ರೆಯ ಅಣೆಕಟ್ಟಿನ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಭತ್ತ ಬೆಳೆಯಿತು, ನಿಜ. ಆದರೆ ಮಳೆಯನ್ನೇ ನಂಬಿದ ಎರೆಹೊಲಗಳು ಇಂದಿಗೂ ಆಕಾಶವನ್ನೇ ನೋಡುತ್ತಿವೆ. ಹಸಿದ ನಾಡಿಗೆ ಒಮ್ಮೆಲೆ ಸಂಪತ್ತು ಬಂದರೆ ಅದು ಬಾಚಿಕೊಳ್ಳುವುದು ಸಹಜವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನ ಅರ್ಧ ಮಾತ್ರ ಸತ್ಯ. ಹೆಚ್ಚು ಬಾಚಿಕೊಂಡವರು ಹೆಚ್ಚು ಹಸಿದವರಾಗಿರಲಿಲ್ಲ.

ಸೊಂಡೂರು, ಹೊಸಪೇಟೆಗಳ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದು ಹೊಸ ಸಂಗತಿಯೇನೂ ಅಲ್ಲ. ದಶಕಗಳಿಂದಲೂ ಅಲ್ಲಿ ಗಣಿಗಳು ನಡೆಯುತ್ತಿದ್ದವು. ಈ ಶತಮಾನದ ಆರಂಭದಲ್ಲಿ ಚೀನಾ ದೇಶದ ಉಕ್ಕಿನ ಕುಲುಮೆಗಳಿಗೆ ಅದಿರಿನ ಹಸಿವು ಹತ್ತಿತು. ಟನ್ನಿಗೆ ಕೆಲವು ನೂರು ರೂಪಾಯಿಗಳಿದ್ದ ಬೆಲೆ ಕೆಲವೇ ವರ್ಷಗಳಲ್ಲಿ ಸಾವಿರಗಳನ್ನು ಮುಟ್ಟಿತು. ಸರ್ಕಾರ ಪಡೆಯುತ್ತಿದ್ದ ರಾಜಧನವೋ, 2009ರ ಆಗಸ್ಟ್‌ನಲ್ಲಿ ಬೆಲೆಯ ಶೇಕಡಾ 10 ಎಂದು ನಿಗದಿಯಾಗುವವರೆಗೆ, ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ! ಹೋಟೆಲಿನ ಒಂದು ತಿಂಡಿ-ಕಾಫಿಯ ದುಡ್ಡು. ಭೂಮಿತಾಯಿಯ ಬೆಲೆಯನ್ನು ಅಷ್ಟಕ್ಕೆ ಕಟ್ಟಿದ ಮೇಲೆ ಜನರಿಗೆ ಮಾತ್ರ ಸಂಯಮವನ್ನು ಬೋಧಿಸುವುದು ಸ್ವಲ್ಪ ಕಷ್ಟವೇ.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಒಂದು ವರದಿಯನ್ನೂ, 2011ರ ಜುಲೈನಲ್ಲಿ ಎರಡನೆಯದನ್ನೂ ಕೊಟ್ಟರು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಮತ್ತು ಅವರ ತಂಡದವರು ಕಾಗದ ಕಾಗದ ಕೂಡಿಸಿ ಲೆಕ್ಕ ಹಾಕಿದ್ದರು. 2006ರಿಂದ 2010ರವರೆಗೆ 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರದೇಶಕ್ಕೆ ಹೋಯಿತೆಂದೂ, ನಾಡಿಗಾದ ನಷ್ಟ 16,085 ಕೋಟಿ ರೂಪಾಯಿಗಳೆಂದೂ ಎರಡನೆಯ ವರದಿ ಹೇಳಿತು. ನೂರಾರು ಅಧಿಕಾರಿಗಳ, ನೌಕರರ ಹೆಸರುಗಳು ಅದರಲ್ಲಿದ್ದವು. ಬೇಲೆಕೇರಿ ಬಂದರಿನಲ್ಲಿ ವಶಪಡಿಸಿಕೊಂಡು ಇಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರೇ 2010ರಲ್ಲಿ ಕಾಣೆಯಾಗಿತ್ತು. ಆಂಧ್ರದ ಗಡಿಯಲ್ಲಿ ಎರಡು ರಾಜ್ಯಗಳ ನಡುವಣ ಗುರುತುಗಳನ್ನೇ ಅಳಿಸಿಹಾಕಿದರೆಂಬ ಆರೋಪವೂ ನ್ಯಾಯಾಲಯದವರೆಗೆ ಹೋಯಿತು. ಸಮಾಜ ಪರಿವರ್ತನ ಸಮುದಾಯದವರು 2009ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಈ ಕಥೆಯನ್ನು ನಾವು ಹೇಳುವ ರೀತಿಯಲ್ಲಿ ಒಂದು ಅನುಕೂಲವುಂಟು. ಒಂದೆರಡು ಮನೆತನಗಳ ಹೆಸರು ಹೇಳಿ, ಒಂದೆರಡು ಬಂಗಲೆಗಳ ಕಡೆ ಬೆರಳು ತೋರಿಸಿ, ಉಳಿದವರೆಲ್ಲ ಕೈ ತೊಳೆದುಕೊಂಡುಬಿಡಬಹುದು. ತಪ್ಪು ಮಾಡಿದವರನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ, ನೋಡಿಕೊಳ್ಳಲೇಬೇಕು. ಆದರೆ ನೀತಿಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯದ ಸಮಿತಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗಣಿ ಗುತ್ತಿಗೆಗಳನ್ನು ಅಳೆಯಿಸಿ ಮೂರು ವರ್ಗ ಮಾಡಿತು. ಅಕ್ರಮವಿಲ್ಲದ, ಅಥವಾ ಅತ್ಯಲ್ಪ ಅಕ್ರಮದ ‘ಎ’ ವರ್ಗಕ್ಕೆ ಸೇರಿದವು 45. ‘ಬಿ’ ವರ್ಗಕ್ಕೆ 72, ‘ಸಿ’ ವರ್ಗಕ್ಕೆ 49. ಹಾಗೆಂದರೆ ಉಳಿದ 121ರಲ್ಲಿ ಹೆಚ್ಚಿನವು ಒಂದಿಲ್ಲೊಂದು ಬಗೆಯಲ್ಲಿ ತಮ್ಮ ಗೆರೆಯನ್ನು ದಾಟಿ ಅಗೆದಿದ್ದವು, ಇಲ್ಲವೆ ಗೆರೆಯಾಚೆ ಮಣ್ಣು ಸುರಿದಿದ್ದವು. ಇಷ್ಟು ಜನರನ್ನು ಒಬ್ಬ ಮನುಷ್ಯನ ದುರಾಸೆ ಗೆರೆ ದಾಟಿಸಿತೆಂದರೆ ನಂಬುವುದು ಹೇಗೆ? ಆ ವರ್ಷಗಳಲ್ಲಿ ಗೆರೆ ದಾಟುವುದೇ ವಾಡಿಕೆಯಾಗಿತ್ತು.

ನಾನಾಗ ಅಧ್ಯಾಪಕ ವೃತ್ತಿಗೆ ಹೊಸಬ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನ ಹುಡುಗರು ಒಬ್ಬೊಬ್ಬರಾಗಿ ಇಲ್ಲವಾಗತೊಡಗಿದರು. ಒಬ್ಬ ಸ್ಟಾಕ್ ಯಾರ್ಡಿನಲ್ಲಿ ಲೆಕ್ಕ ಬರೆಯಲು ಹೋದ, ಇನ್ನೊಬ್ಬ ಲಾರಿ ಹತ್ತಿದ. ಹೊಸಪೇಟೆ, ಸೊಂಡೂರುಗಳ ಕಡೆಯ ರೈತರು ತಮ್ಮ ಪಟ್ಟಾ ಜಮೀನುಗಳ ಮೇಲ್ಮಣ್ಣಿನಲ್ಲಿ ಚೆದರಿದ್ದ ಅದಿರಿನ ಕಲ್ಲುಗಳನ್ನು ಎತ್ತಲು ಬಿಟ್ಟುಕೊಟ್ಟರು. ಮೆಕ್ಕೆಜೋಳ ಹತ್ತು ವರ್ಷಗಳಲ್ಲಿ ಕೊಡದಿದ್ದ ಹಣವನ್ನು ಹೊಲ ಕೆಲವು ತಿಂಗಳಲ್ಲಿ ಕೊಟ್ಟಿತು. ಆಮೇಲೆ ಅದರಲ್ಲಿ ಮೆಕ್ಕೆಜೋಳವೂ ಬೆಳೆಯದಾಯಿತು. ರಸ್ತೆಯ ಎರಡೂ ಬದಿಯ ಹತ್ತಿ, ಮೆಣಸಿನ ಗಿಡಗಳ ಎಲೆಗಳು ಹಸಿರು ಮರೆತು ಕೆಂಪಾದವು. ಮಕ್ಕಳ ಸಮವಸ್ತ್ರ ಎಷ್ಟು ಒಗೆದರೂ ಆ ಕೆಂಪು ಹೋಗುತ್ತಿರಲಿಲ್ಲ.

ಆಗ ನಮ್ಮ ಬೀದಿಯಲ್ಲಿದ್ದ ಒಬ್ಬರು ಸಾಲ ಮಾಡಿ ಎರಡು ಲಾರಿ ಕೊಂಡರು. ಒಳ್ಳೆಯ ಮನುಷ್ಯ, ದೈವಭಕ್ತ, ಯಾರ ಒಂದು ಬಿಡಿಗಾಸನ್ನೂ ಮುಟ್ಟಿದವರಲ್ಲ. ಹತ್ತು ಗಾಲಿಯ ಲಾರಿಗೆ ಆಗ ಕಾನೂನು ಒಪ್ಪುತ್ತಿದ್ದ ಹೊರೆ ಸುಮಾರು 16 ಟನ್. ರಸ್ತೆಯಲ್ಲಿ ಓಡುತ್ತಿದ್ದವು ಅದನ್ನು ಎಷ್ಟೋ ಮೀರಿ ಹೇರಿಕೊಂಡು ಓಡುತ್ತಿದ್ದವು. ಲೋಕಾಯುಕ್ತರ ವರದಿಗಳಲ್ಲಿ ಈ ಅತಿಭಾರದ ಪ್ರಸ್ತಾಪ ವಿವರವಾಗಿಯೇ ಬಂದಿದೆ. ಒಂದು ದಿನ ಮಾತಿಗೆ ಮಾತು ಬಂದು ನಾನು ಇದನ್ನು ಕೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿ, “ಸಾರ್, ಪರ್ಮಿಟ್ ಇದ್ದಷ್ಟೇ ಹಾಕ್ಕಂಡು ಓಡಿಸಿದ್ರೆ ಡೀಸೆಲ್ಲು, ಡ್ರೈವರ್ ಬತ್ತೆ ಎಲ್ಲಾ ಹೋಗಿ ಏನ್ ಉಳೀತದ್ರಿ? ಕಂತು ನಾನ್ ಕಟ್ಬೇಕೋ, ನೀವ್ ಕಟ್ತೀರೋ?” ಎಂದರು.

ಈ ಮಾತನ್ನು ನಾನು ಬಹಳ ಕಾಲ ತಿರುವಿ ಹಾಕಿದ್ದೇನೆ. ದುರಾಸೆಯ ಪೂರ್ತಿ ಯಂತ್ರ ಇದರಲ್ಲಿ ಬಿಚ್ಚಿಟ್ಟಂತಿದೆ. ಅವರ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಹೆಚ್ಚು ಹೇರುವುದರಿಂದ ಬಾಡಿಗೆಯ ದರ ಆ ಹೆಚ್ಚಿನ ಹೊರೆಗೇ ಹೊಂದಿಕೊಂಡು ನಿಂತಿತ್ತು. ಸಾಲ ಕೊಟ್ಟವರೂ ಆ ಗಳಿಕೆಯನ್ನೇ ಎಣಿಸಿ ಕಂತು ಕಟ್ಟಿದ್ದರು. ಹೀಗಾಗಿ ನ್ಯಾಯವಾದ ಹೊರೆ ನಷ್ಟದ ಹೊರೆಯಾಯಿತು, ಅನ್ಯಾಯದ ಹೊರೆ ಹೊಟ್ಟೆಪಾಡಿನ ಹೊರೆಯಾಯಿತು. ನಿನ್ನೆಯ ಹೆಚ್ಚು ಇಂದಿನ ಅವಶ್ಯಕವಾಗಿಬಿಟ್ಟಿತು. ‘ಸಾಕು’ ಎಂಬ ಮಾತನ್ನು ಅವರು ಮರೆತಿದ್ದರೆಂದು ಹೇಳಲಾರೆ. ಅದನ್ನು ಹೇಳುವ ಜಾಗವೇ ಅವರ ಲೆಕ್ಕದ ಪುಸ್ತಕದಲ್ಲಿ ಉಳಿದಿರಲಿಲ್ಲ.

ಕನ್ನಡ ಮೇಷ್ಟ್ರಾದ ನನಗೆ ಇಲ್ಲೊಂದು ಶಬ್ದವಿಚಾರ ಹೊಳೆಯುತ್ತದೆ, ಓದುಗರು ಮನ್ನಿಸಬೇಕು. ‘ಸಾಕು’ ಎಂಬುದು ‘ಸಾಲ್’ ಎಂಬ ಹಳೆಯ ಧಾತುವಿನಿಂದ ಬಂದದ್ದೆನ್ನುತ್ತಾರೆ. ಅದರ ನಿಷೇಧವೇ ‘ಸಾಲದು’. ನಾವು ತೆಗೆದುಕೊಂಡು ತೀರಿಸಲಾರದ ‘ಸಾಲ’ ಅದರ ಪಕ್ಕದಲ್ಲೇ ಕುಳಿತಿದೆ. ಶಾಸ್ತ್ರಜ್ಞರು ಈ ನೆಂಟಸ್ತಿಕೆಯನ್ನು ಒಪ್ಪಲಿ, ಬಿಡಲಿ, ಬದುಕಿನಲ್ಲಂತೂ ಸಾಲದು ಎಂದವನ ಮನೆಗೆ ಸಾಲ ಬರುವುದನ್ನು ಕಂಡಿದ್ದೇವೆ. ಇನ್ನೊಂದು ‘ಸಾಕು’ ಇದೆ, ಮಗುವನ್ನು ಸಾಕುವುದು, ಹಸುವನ್ನು ಸಾಕುವುದು. ಅದು ಬೇರೆಯೇ ಮಾತು. ಆದರೂ ಪೋಷಣೆಗೂ ತೃಪ್ತಿಗೂ ನಮ್ಮ ಭಾಷೆಯಲ್ಲಿ ಒಂದೇ ಧ್ವನಿ ಬಂದು ನಿಂತಿರುವುದು ಚೆಲುವಾದ ಆಕಸ್ಮಿಕವಲ್ಲವೆ?

ದುರಾಸೆಯ ಮಾತು ಬಂದರೆ ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕಥೆಯೊಂದನ್ನು ನೆನೆಯುವುದು ವಾಡಿಕೆ. ಸೂರ್ಯ ಮುಳುಗುವುದರೊಳಗೆ ನಡೆದು ಬಳಸಿದಷ್ಟು ನೆಲವೂ ನಿನ್ನದೆಂದು ಮಾತು ಪಡೆದ ರೈತ ಪಾಹೋಮ್ ಓಡಿ ಓಡಿ ಪ್ರಾಣ ಬಿಟ್ಟ. ದೊಡ್ಡ ಕಥೆ, ಅನುಮಾನವಿಲ್ಲ. ಆದರೆ ಪಾಹೋಮನಿಗೆ ಒಂದು ಸೂರ್ಯಾಸ್ತವಾದರೂ ಇತ್ತು, ಅವನ ದುರಾಸೆಗೆ ಒಂದೇ ಹಗಲು. ನಮ್ಮ ಲಾರಿಗಳು ರಾತ್ರಿಯೂ ಓಡುತ್ತಿದ್ದವು. ಇಂದಿನ ಲೋಭ ಯಾರನ್ನೂ ಸಂಜೆಗೆ ಕೊಂದು ಪಾಠ ಕಲಿಸುವುದಿಲ್ಲ. ಬಹು ಕಾಲ ಬದುಕಿಸುತ್ತದೆ, ಸನ್ಮಾನವನ್ನೂ ಮಾಡಿಸುತ್ತದೆ. ಅದಕ್ಕೇ ನೀತಿಕಥೆಗಳು ನಮಗೆ ಅಷ್ಟಾಗಿ ತಾಗುವುದಿಲ್ಲವೋ ಏನೋ.

ಇದಕ್ಕೆ ಎದುರು ಪಕ್ಷವೂ ಉಂಟು, ಅದು ಬಲವಾದ ಪಕ್ಷವೇ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿದ್ದ ಮ್ಯಾಂಡೆವಿಲ್ ಎಂಬ ವೈದ್ಯ ಜೇನುಹುಳುಗಳ ಕಥೆಯೊಂದನ್ನು ಕಟ್ಟಿ, ಒಬ್ಬೊಬ್ಬರ ದುರ್ಗುಣಗಳೇ ಕೂಡಿ ಸಮಾಜದ ಸಂಪತ್ತಾಗುತ್ತವೆಂದು ವಾದಿಸಿ ದೊಡ್ಡ ಗದ್ದಲ ಎಬ್ಬಿಸಿದ. ನಮ್ಮ ಊರಿನಲ್ಲೂ ಈ ವಾದ ಕೇಳಿಬರುತ್ತದೆ. ಗಣಿಯ ಕಾಲದಲ್ಲಿ ಹೋಟೆಲುಗಳು ತುಂಬಿದ್ದವು, ಗ್ಯಾರೇಜಿನ ಹುಡುಗನಿಗೆ ಕೈತುಂಬ ಕೆಲಸವಿತ್ತು, ಎಷ್ಟೋ ಮನೆಗಳಿಗೆ ತಾರಸಿ ಬಂದಿತು, ಎಷ್ಟೋ ಹೆಣ್ಣುಮಕ್ಕಳ ಮದುವೆಯಾಯಿತು. ಇದೆಲ್ಲ ನಿಜ. ಆಸೆಯೇ ಇಲ್ಲದಿದ್ದರೆ ಯಾರೂ ಬೀಜ ಬಿತ್ತುವುದಿಲ್ಲ, ಮಗನನ್ನು ಓದಿಸುವುದಿಲ್ಲ. ಆಸೆಯನ್ನೇ ಪಾಪವೆನ್ನುವ ಬೋಧಕರ ಜೊತೆ ನನಗೆ ಜಗಳವಿದೆ. ಆದರೆ ಆಸೆಗೂ ದುರಾಸೆಗೂ ಇರುವ ಅಂತರ ಮೊತ್ತದ್ದಲ್ಲ. ಗ್ರೀಕರ ಅರಿಸ್ಟಾಟಲ್ ಇದನ್ನು ಪಾಲಿನ ಪ್ರಶ್ನೆಯೆಂದು ಕಂಡ: ತನ್ನ ಪಾಲನ್ನು ಮೀರಿ ಬಯಸುವುದು ಅನ್ಯಾಯದ ಒಂದು ರೂಪ. ಪಾಲು ಎಂದೊಡನೆ ಇನ್ನೊಬ್ಬರು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಗುಡ್ಡದಲ್ಲಿ ಪಾಲು ಇದ್ದವರು ಯಾರು? ಮುಂದೆ ಹುಟ್ಟುವವರೂ ಅದರ ಪಾಲುದಾರರೆ? ಆ ಧೂಳನ್ನು ಉಸಿರಾಡಿದ ಹಳ್ಳಿಯ ಅಜ್ಜಿಗೆ ಯಾವ ಪಾಲು ಬಂದಿತು?

ದಾನ ಮಾಡಿದರೆ ಪಾಲು ಕೊಟ್ಟಂತಾಗಲಿಲ್ಲವೆ ಎಂದು ಕೇಳುವವರಿದ್ದಾರೆ. ಸಾಮೂಹಿಕ ವಿವಾಹಗಳು ನಡೆದವು, ಗುಡಿಗೋಪುರಗಳು ಎದ್ದವು. 2009ರಲ್ಲಿ ನಮ್ಮ ಸೀಮೆಯ ಗಣಿಧನಿಕರ ಕಡೆಯಿಂದ ತಿರುಪತಿಯ ದೇವರಿಗೆ 40 ಕೋಟಿ ರೂಪಾಯಿಗೂ ಮಿಗಿಲಾದ ವಜ್ರದ ಕಿರೀಟ ಸಂದಿತು. ಈ ಪ್ರಶ್ನೆಗೆ ಉತ್ತರವನ್ನು ನಾನು ಆಯ್ದಕ್ಕಿ ಲಕ್ಕಮ್ಮನಲ್ಲಿ ಹುಡುಕುತ್ತೇನೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆನ್ನುತ್ತಾರೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದನ್ನು ಅಟ್ಟು ಜಂಗಮರಿಗೆ ಬಡಿಸುವುದು ಲಕ್ಕಮ್ಮನದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಮೊದಲಿದ್ದಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು.

ಶಾಲೆಯ ಮಕ್ಕಳಿಗೂ ಗೊತ್ತಿರುವ ಪ್ರಸಂಗವಿದು. ಗೊತ್ತಿರುವುದರಿಂದಲೇ ಇದರ ಕಾಠಿಣ್ಯ ನಮಗೆ ಕಾಣುವುದಿಲ್ಲ. ಆ ಅಕ್ಕಿ ಕದ್ದದ್ದಲ್ಲ, ಚೆಲ್ಲಿದ್ದು. ಯಾವ ಕಾನೂನೂ ಮಾರಯ್ಯನನ್ನು ಹಿಡಿಯುತ್ತಿರಲಿಲ್ಲ. ತಂದದ್ದು ತನ್ನ ಹೊಟ್ಟೆಗೂ ಅಲ್ಲ, ದಾಸೋಹಕ್ಕೆ. ಹೆಚ್ಚು ಅಕ್ಕಿಯಿದ್ದರೆ ಹೆಚ್ಚು ಜನ ಉಣ್ಣುತ್ತಿದ್ದರು. ಗಳಿಸಿದ ದಾರಿಯೂ ಶುದ್ಧ, ಖರ್ಚಿನ ದಾರಿಯೂ ಶುದ್ಧ. ಆದರೂ ಬೇಡವೆಂದಳಲ್ಲ! ಅವಳು ನೋಡಿದ್ದು ಅಕ್ಕಿಯನ್ನಲ್ಲ, ಆಯುವಾಗ ಬಾಗಿದ ಕೈ ನಿಲ್ಲದೆ ಮುಂದುವರಿದದ್ದನ್ನು ಎಂದು ನನ್ನ ಊಹೆ. ಇಂದು ನಿಲ್ಲದ ಕೈ ನಾಳೆ ಏಕೆ ನಿಲ್ಲಬೇಕು? ದಾಸೋಹದ ಹೆಸರಿದ್ದರಂತೂ ಅದು ನಿಲ್ಲುವುದೇ ಇಲ್ಲ. ದಾನಕ್ಕಾಗಿ ಗಳಿಸುತ್ತೇನೆಂಬುವನಿಗೆ ಗಳಿಕೆಯ ಮೇರೆ ಎಲ್ಲಿಯದು? ಲಕ್ಕಮ್ಮನ ಮುಂದೆ ಆ ಕಿರೀಟವನ್ನು ಇಟ್ಟಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಲಕ್ಕಮ್ಮನಿಲ್ಲದ ಊರಿನಲ್ಲಿ ಆ ಕೆಲಸವನ್ನು ನ್ಯಾಯಾಲಯ ಮಾಡಬೇಕಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿಯಿಂದ ವರ್ಷಕ್ಕೆ 2.5 ಕೋಟಿ ಟನ್‌ಗಿಂತ ಹೆಚ್ಚು ಅದಿರು ತೆಗೆಯಕೂಡದೆಂಬ ಮಿತಿಯೂ ಬಂದಿತು. ‘ಸಾಕು’ ಎಂಬ ಮಾತನ್ನು ದೇಶದ ಸರ್ವೋಚ್ಚ ಪೀಠ ಟನ್ನುಗಳಲ್ಲಿ ಹೇಳಿತು! ಆದರೆ ಹೊರಗಿನಿಂದ ಬಂದ ಸಾಕಿನ ಪಾಡು ಏನೆಂಬುದು ಮದುವೆಮನೆಯ ಪಂಕ್ತಿಯಲ್ಲೇ ಗೊತ್ತಾಗುತ್ತದೆ. ಆ ಮಿತಿ 2017ರಲ್ಲಿ 2.8 ಕೋಟಿಯಾಯಿತು, 2022ರಲ್ಲಿ 3.5 ಕೋಟಿಯಾಯಿತು. ಕಾರ್ಖಾನೆಗಳ ಅವಶ್ಯಕತೆ ಇರಬಹುದು, ನಿಗಾವಣೆ ಸುಧಾರಿಸಿರಬಹುದು, ನಾನು ತಜ್ಞನಲ್ಲ. ಪ್ರತಿ ಸಲವೂ ಕೇಳಿದ್ದು ಹೆಚ್ಚಿಸಿ ಎಂದೇ ಎಂಬುದನ್ನು ಮಾತ್ರ ಗಮನಿಸಿದ್ದೇನೆ.

ಗುಡ್ಡ ಅಗೆಯದ ನಾವು ಮಧ್ಯಮ ವರ್ಗದವರು ಇದನ್ನೆಲ್ಲ ಪತ್ರಿಕೆಯಲ್ಲಿ ಓದಿ ನಿಟ್ಟುಸಿರು ಬಿಡುತ್ತೇವೆ. ನಮ್ಮ ಗುಡ್ಡಗಳು ಚಿಕ್ಕವು. ವಾಸಕ್ಕೆ ಮನೆಯಿದ್ದವನು ಎರಡನೆಯ ಸೈಟು ಹುಡುಕುತ್ತಾನೆ, ಮನೆಯಿಲ್ಲದವನಿಗೆ ಮೊದಲನೆಯದೂ ಎಟುಕದಷ್ಟು ಸೈಟಿನ ಬೆಲೆ ಏರುತ್ತದೆ. ಶೇಕಡಾ 92 ತಂದ ಮಗುವನ್ನು ಉಳಿದ ಎಂಟು ಎಲ್ಲಿ ಹೋಯಿತೆಂದು ಕೇಳುತ್ತೇವೆ. ಮಗುವಿನ ಅಂಕಗಳಲ್ಲೂ ನಮಗೆ ‘ಸಾಕು’ ತಿಳಿಯದು. ಅಧ್ಯಾಪಕರ ವರ್ಗ ಇದಕ್ಕೆ ಹೊರತೆಂದು ಯಾರೂ ಭಾವಿಸಬಾರದು. ಮನೆಪಾಠದ ಬೆಂಚುಗಳನ್ನು ಎಣಿಸಿದವರಿಗೆ ಅದು ಗೊತ್ತು.

ಈಚೆಗೆ ತರಗತಿಯಲ್ಲಿ ಲಕ್ಕಮ್ಮನ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತ. “ಸಾರ್, ಮಾರಯ್ಯ ಸುರಿದು ಬಂದ ಅಕ್ಕೀನ ಬ್ಯಾರೆ ಯಾರೋ ಆಯ್ಕೊಂಡು ಹೋಗಿರ್ತಾರಲ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ. ನಾನು ತೆಗೆಯದಿದ್ದರೆ ಇನ್ನೊಬ್ಬ ತೆಗೆಯುತ್ತಾನೆ ಎಂಬ ವಾದದ ಮೇಲೆಯೇ ಅಲ್ಲವೆ, ಒಂದು ಗಣಿಯ ಪಕ್ಕದಲ್ಲಿ ಇನ್ನೊಂದು ಗಣಿ ಬೇಲಿ ದಾಟಿದ್ದು? ಹುಡುಗ ಇನ್ನೂ ಮುಂದೆ ಹೋಗಿ, 2011ರಲ್ಲಿ ಗಣಿ ನಿಂತಾಗ ತಪ್ಪು ಮಾಡದಿದ್ದವರದೂ ನಿಂತಿತಲ್ಲ, ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದಾಗ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ನೋಡಿದರೇನು ಎಂದ. ಅವನ ಮನೆಯ ಅನುಭವ ಅದರಲ್ಲಿತ್ತೆಂದು ತೋರುತ್ತದೆ.

2012ರ ಸೆಪ್ಟೆಂಬರಿನಲ್ಲಿ ಮೊದಲು ಬಾಗಿಲು ತೆರೆದದ್ದು ‘ಎ’ ವರ್ಗದ ಗಣಿಗಳಿಗೇ ಎಂದು ಅವನಿಗೆ ಹೇಳಿದೆ. ಹೇಳಿದ ಕೂಡಲೆ ಆ ಉತ್ತರ ನನಗೇ ಸಪ್ಪೆಯೆನಿಸಿತು. ಲಾಭ ಬರುತ್ತದೆಂದು ‘ಸಾಕು’ ಎನ್ನುವವನು ಲಕ್ಕಮ್ಮನ ಶಿಷ್ಯನಲ್ಲ, ಅವನೂ ಲೆಕ್ಕದವನೇ. ಅದನ್ನೂ ಹುಡುಗನಿಗೆ ಹೇಳಿದೆ.

“ಹಂಗಾರೆ ಸುರಿದು ಬಾ ಅನ್ನಾಕ ಯಾವ ಕಾರಣಾನೂ ಉಳಿಯಂಗಿಲ್ಲಲ್ರಿ ಸಾರ್” ಎಂದ.

ಲೆಕ್ಕದಲ್ಲಿ ಉಳಿಯುವುದಿಲ್ಲವೆಂದೆ. ಅವನು ಒಪ್ಪದೆಯೇ ಕುಳಿತುಕೊಂಡ. ಆ ಪದ್ಯಭಾಗ ಪರೀಕ್ಷೆಗೆ ಬರುತ್ತದೆಯೇ ಎಂದು ಮುಂದಿನ ಬೆಂಚಿನವರು ಕೇಳಿದರು.